ಒಂದೇ ಮನೆಗೆ ಮೂರು ಹೆಸರು

ಜುಮಾ ನಮಾಝ್ ಮುಗಿದು ಜನರು ಮಸೀದಿಯ ಅಂಗಳಕ್ಕಿಳಿಯುವ ಹೊತ್ತಿನಲ್ಲಿ ಅಲ್ಲಿ ನಡೆಯುವ ಮಾತುಕತೆಗೆ ಕಿವಿಗೊಟ್ಟರೆ ನಮ್ಮ ಸಮುದಾಯದ ಮನಸ್ಸು ಯಾವ ಕಡೆಗೆ ಹೊರಳಿದೆ ಎಂಬುದು ಅರ್ಥವಾಗುತ್ತದೆ. ಹಿಂದೆ ಯಾರಾದರೂ ಮನೆ ಖರೀದಿಸಿದರೆಂದು ತಿಳಿದಾಗ ಹಿರಿಯರು ಕೇಳುತ್ತಿದ್ದ ಪ್ರಶ್ನೆಗಳು ಹೀಗಿದ್ದವು: ಬೇಸಗೆಯಲ್ಲೂ ಬಾವಿಯಲ್ಲಿ ನೀರಿರುತ್ತದೆಯೇ? ನೆರೆಯವರು ಯಾರು? ಬಾಂಗ್ ಕೇಳಿಸುತ್ತದೆಯೇ? ಇಂದು ಕೇಳುವುದು ಎರಡೇ ಪ್ರಶ್ನೆ: ಸೆಂಟ್ಸಿಗೆ ಎಷ್ಟು ಬಿತ್ತು? ಎರಡು ವರ್ಷ ಬಿಟ್ಟು ಕೊಟ್ಟರೆ ಎಷ್ಟು ಸಿಗುತ್ತದೆ? ಮದುವೆಯಾಗಿ ಒಂದೆರಡು ವರ್ಷವೂ ಕಳೆಯದ, ಇನ್ನೂ ತಂದೆಯ ಮನೆಯಲ್ಲೋ ಬಾಡಿಗೆ ಮನೆಯಲ್ಲೋ ಇರುವ ಯುವಕ ತನ್ನ ಬದುಕಿನ ಮೊದಲ ಮನೆಯ ಬಗ್ಗೆ ಮಾತಾಡುವಾಗಲೂ ಅದರಲ್ಲಿ ತಾನು ವಾಸಿಸುವ ಸುದ್ದಿಯೇ ಇರುವುದಿಲ್ಲ. ಸಾಲ ಮಾಡಿ ಹಳೆಯ ಮನೆಯೊಂದನ್ನು ಕೊಳ್ಳುವುದು, ರಿಪೇರಿ ಮಾಡಿಸಿ ಹೊಸದರಂತೆ ಕಾಣಿಸುವುದು, ಬೆಲೆ ಏರಿದಾಗ ಮಾರುವುದು, ಬಂದ ಲಾಭದಲ್ಲಿ ಇನ್ನೊಂದನ್ನು ಕೊಳ್ಳುವುದು, ಇದು ಅವನ ಯೋಜನೆ. ಮನೆ ಎಂಬ ಪದದ ಜಾಗದಲ್ಲಿ 'ಪ್ರಾಪರ್ಟಿ' ಎಂಬ ಪದ ಬಂದು ಕುಳಿತಿದೆ.

ಈ ಪ್ರಾಪರ್ಟಿಗೆ ನಾವು ಸಂದರ್ಭಕ್ಕೆ ತಕ್ಕಂತೆ ಮೂರು ಹೆಸರುಗಳನ್ನು ಇಟ್ಟುಕೊಂಡಿದ್ದೇವೆ. ಗೆಳೆಯರ ನಡುವೆ ಅದು ಹೂಡಿಕೆ. ಬ್ಯಾಂಕಿನ ಸಾಲದ ಬಗ್ಗೆ ಕೇಳಲು ಆಲಿಮರ ಮುಂದೆ ಕುಳಿತಾಗ ಅದು ಅನಿವಾರ್ಯ ಅಗತ್ಯ. ರಮಝಾನಿನಲ್ಲಿ ಝಕಾತ್‌ನ ಲೆಕ್ಕ ಹಾಕುವಾಗ ಅದು ಸ್ವಂತ ವಾಸದ ಮನೆ. ಮನೆ ಒಂದೇ, ಕ್ರಯಪತ್ರವೂ ಒಂದೇ. ಆದರೆ ಬಡ್ಡಿಯ ಪಾಪದಿಂದ ನುಣುಚಿಕೊಳ್ಳಲು ಒಂದು ಹೆಸರು, ಬಡವರ ಹಕ್ಕಿನಿಂದ ನುಣುಚಿಕೊಳ್ಳಲು ಇನ್ನೊಂದು. ಮನುಷ್ಯರ ಮುಂದೆ ಇದು ನಡೆದೀತು. ಅಲ್ಲಾಹನ ಮುಂದೆಯೂ ನಡೆಯುತ್ತದೆಂದು ನಾವು ನಂಬಿದ್ದೇವೆಯೇ?

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಮನೆ ಕಟ್ಟಬೇಡಿ, ಗುಡಿಸಲಿನಲ್ಲಿರಿ ಎಂದು ಇಸ್ಲಾಮ್ ಹೇಳಿಲ್ಲ. ವಿಶಾಲವಾದ ಮನೆಯನ್ನು ಮನುಷ್ಯನ ಸೌಭಾಗ್ಯಗಳಲ್ಲಿ ಒಂದಾಗಿ ಎಣಿಸಿದ ಹದೀಸ್ ಇದೆ. ಅದೇ ಹದೀಸ್‌ನಲ್ಲಿ ಉತ್ತಮ ನೆರೆಯವನ ಪ್ರಸ್ತಾಪವೂ ಇದೆ ಎಂಬುದನ್ನು ಮಾತ್ರ ಮರೆಯಬಾರದು. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತವು ಮನೆಯನ್ನು ಅಲ್ಲಾಹನ ಅನುಗ್ರಹವಾಗಿ, ನೆಮ್ಮದಿಯ ನೆಲೆಯಾಗಿ ಪರಿಚಯಿಸುತ್ತದೆ. ಮೂರು ತಲೆಮಾರು ಬಾಡಿಗೆ ಮನೆಗಳಲ್ಲೇ ಕಳೆದ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ. ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುಗಿದಾಗ ಪಾತ್ರೆಪಗಡಿ ಕಟ್ಟಿಕೊಂಡು ಹೊರಡುವ ತಾಯಿಯೊಬ್ಬಳು ನಾಲ್ಕು ಗೋಡೆಗಳಿಗಾಗಿ ಹಂಬಲಿಸಿದರೆ ಅದನ್ನು ದುರಾಸೆಯೆಂದು ಕರೆಯುವವನಿಗೆ ಹೃದಯವಿಲ್ಲ. ನಮ್ಮ ತಕರಾರು ಆ ತಾಯಿಯೊಂದಿಗಲ್ಲ. ಆ ತಾಯಿಗೆ ಸಿಗಬೇಕಾಗಿದ್ದ ಮನೆಯನ್ನು ಹೂಡಿಕೆಯ ಹೆಸರಿನಲ್ಲಿ ಮೊದಲೇ ಹಿಡಿದಿಟ್ಟುಕೊಂಡವರೊಂದಿಗೆ.

ಈ ಹುಚ್ಚು ಏಕಾಏಕಿ ಬಂದದ್ದಲ್ಲ. ನಮ್ಮ ಕರಾವಳಿಯ ಪಟ್ಟಣಗಳಿಗೆ ಕೊಲ್ಲಿಯ ಹಣ ಬರತೊಡಗಿ ಅರ್ಧ ಶತಮಾನವಾಯಿತು. ಆ ಹಣದಲ್ಲಿ ಮೊದಲು ಎದ್ದು ನಿಂತದ್ದು ಮನೆಗಳೇ. 1990ರಲ್ಲಿ ಕುವೈತ್ ಆಕ್ರಮಣಕ್ಕೊಳಗಾದಾಗ ಅನೇಕರು ಬರಿಗೈಯಲ್ಲಿ ಮರಳಿದರು. 2011ರಲ್ಲಿ ಸೌದಿ ಅರೇಬಿಯ ನಿತಾಖಾತ್ ನೀತಿಯನ್ನು ತಂದಿತು. 2017ರಲ್ಲಿ ಅಲ್ಲಿನ ವಲಸಿಗರ ಕುಟುಂಬ ಸದಸ್ಯರ ಮೇಲೆ ಶುಲ್ಕ ಹೇರಲಾಯಿತು. 2020ರಲ್ಲಿ ಕೊರೋನ ಬಂತು. ಪ್ರತಿ ಪೆಟ್ಟು ಬಿದ್ದಾಗಲೂ 'ಕೈಯಲ್ಲೊಂದು ಜಾಗ ಇರಬೇಕಿತ್ತು' ಎಂಬ ಪಶ್ಚಾತ್ತಾಪ ಬಲಗೊಂಡಿತು. 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ 'ಹಲಾಲ್ ಹೂಡಿಕೆ'ಯ ಹೆಸರಿನ ಸಂಸ್ಥೆಯೊಂದು ಕುಸಿದು, ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಮುಳುಗಿದ ಬಳಿಕವಂತೂ ಎಲ್ಲರ ಬಾಯಲ್ಲೂ ಒಂದೇ ಮಾತು: ನೆಲ ಓಡಿಹೋಗುವುದಿಲ್ಲ. ನಿಜ, ನೆಲ ಓಡಿಹೋಗುವುದಿಲ್ಲ. ಆದರೆ ಸಾಲ ಓಡುತ್ತದೆ, ಅದೂ ನಾವು ನಿದ್ರಿಸುವಾಗಲೂ.

ಲೆಕ್ಕ ಹಾಕಿಯೇ ನೋಡೋಣ. ಪಟ್ಟಣದ ಮೊಹಲ್ಲಾವೊಂದರಲ್ಲಿ 40 ಲಕ್ಷ ರೂಪಾಯಿಯ ಹಳೆಯ ಮನೆಯನ್ನು ಒಬ್ಬ ಯುವಕ ಖರೀದಿಸುತ್ತಾನೆಂದು ಭಾವಿಸಿ. ಹತ್ತು ಲಕ್ಷ ಅವನದ್ದು ಅಥವಾ ಅವನ ಪತ್ನಿಯ ಚಿನ್ನದ್ದು. ಉಳಿದ ಮೂವತ್ತು ಲಕ್ಷ ಶೇ. 9ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಗಳ ಸಾಲ. ತಿಂಗಳ ಕಂತು ಸುಮಾರು 27 ಸಾವಿರ. ಮೊದಲ ಕಂತಿನಲ್ಲಿ 22,500 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು ನಾಲ್ಕೂವರೆ ಸಾವಿರ ಮಾತ್ರ. ಐದು ವರ್ಷ ತಪ್ಪದೆ ಕಟ್ಟಿದರೆ ಒಟ್ಟು 16 ಲಕ್ಷಕ್ಕೂ ಮೀರಿ ಕಟ್ಟಿದಂತಾಯಿತು. ಅಸಲಿನಲ್ಲಿ ತೀರಿದ್ದು ಮೂರೂವರೆ ಲಕ್ಷಕ್ಕೂ ಕಡಿಮೆ. ಇಪ್ಪತ್ತು ವರ್ಷ ಮುಗಿದಾಗ ಮೂವತ್ತು ಲಕ್ಷಕ್ಕೆ ಸುಮಾರು 65 ಲಕ್ಷ ತೆತ್ತಿರುತ್ತಾನೆ.

ನಮ್ಮ ಯುವಕನೇನೋ 'ನಾನು ಇಪ್ಪತ್ತು ವರ್ಷ ಕಾಯುವುದಿಲ್ಲ, ಎರಡೇ ವರ್ಷದಲ್ಲಿ ಮಾರುತ್ತೇನೆ' ಎನ್ನುತ್ತಾನೆ. ಸರಿ, ಎರಡು ವರ್ಷದ ಲೆಕ್ಕವನ್ನೇ ಹಾಕೋಣ. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿದರೆ ಇಂಥ ಮನೆಯ ಮೇಲೆ ಶೇ. 7.6ರಷ್ಟಾಗುತ್ತದೆ, ಅಂದರೆ ಮೂರು ಲಕ್ಷ. ರಿಪೇರಿಗೆ ಆರು ಲಕ್ಷ ಎಂದಿಟ್ಟುಕೊಳ್ಳಿ. ಅದು ಆರಕ್ಕೆ ನಿಲ್ಲುವುದಿಲ್ಲವೆಂಬುದು ಗಾರೆ ಕೆಲಸ ಮಾಡಿಸಿದ ಎಲ್ಲರಿಗೂ ಗೊತ್ತು. ಎರಡು ವರ್ಷದ ಬಡ್ಡಿ 5 ಲಕ್ಷ 30 ಸಾವಿರ. ಕೊಳ್ಳುವಾಗೊಮ್ಮೆ, ಮಾರುವಾಗೊಮ್ಮೆ ದಲ್ಲಾಳಿಗೆ ಶೇ. 1 (ದಲ್ಲಾಳಿಯೂ ನಮ್ಮವನೇ, ಅದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವನು). ಎಲ್ಲವನ್ನೂ ಕೂಡಿಸಿದರೆ ಮನೆಯ ಬೆಲೆ 55 ಲಕ್ಷಕ್ಕೆ ತಲುಪಿತು. ಒಂದು ರೂಪಾಯಿ ಲಾಭವಿಲ್ಲದೆ ಕೈತೊಳೆದುಕೊಳ್ಳಬೇಕಾದರೂ ಈ ಯುವಕ ಎರಡೇ ವರ್ಷದಲ್ಲಿ ಬೆಲೆಯನ್ನು ಶೇ. 38ರಷ್ಟು ಏರಿಸಿ ಮಾರಬೇಕು. ಲಾಭ ಬಂದರೆ ತೆರಿಗೆಯುಂಟು: 24 ತಿಂಗಳು ತುಂಬುವ ಮೊದಲೇ ಮಾರಿದರೆ ಆದಾಯಕ್ಕೆ ಸೇರಿಸಿ ಸ್ಲ್ಯಾಬ್ ಪ್ರಕಾರ, ಅನಂತರವಾದರೆ 2024ರ ಜುಲೈನಲ್ಲಿ ಬದಲಾದ ನಿಯಮದಂತೆ ಶೇ. 12.5. ಬಾಡಿಗೆಗೆ ಕೊಡೋಣವೆಂದರೆ ನಮ್ಮ ಪಟ್ಟಣಗಳಲ್ಲಿ ವರ್ಷದ ಬಾಡಿಗೆಯು ಮನೆಯ ಬೆಲೆಯ ಶೇ. 2-3ನ್ನು ದಾಟುವುದು ಅಪರೂಪ. ನಲವತ್ತು ಲಕ್ಷದ ಮನೆಗೆ ವರ್ಷಕ್ಕೆ ಒಂದು ಲಕ್ಷ ಚಿಲ್ಲರೆ ಬಾಡಿಗೆ. ಅದೇ ಮನೆಯ ಮೇಲಿನ ಸಾಲದ ಮೊದಲ ವರ್ಷದ ಬಡ್ಡಿ 2 ಲಕ್ಷ 67 ಸಾವಿರ! ಇದನ್ನು ಹೂಡಿಕೆಯೆಂದು ಕರೆಯಬೇಕಾದರೆ ಗಣಿತವನ್ನೇ ಮರೆತಿರಬೇಕು.

ಆದರೂ ಕೆಲವರು ಲಾಭ ಮಾಡಿದ್ದಾರೆ, ಸುಳ್ಳಲ್ಲ. ಹಾಗಾದರೆ ಆ ಹೆಚ್ಚುವರಿ ಹದಿನೈದು ಲಕ್ಷವನ್ನು, ಅದರ ಮೇಲಿನ ಲಾಭವನ್ನು ತೆತ್ತವರು ಯಾರು?

ನಮ್ಮ ಇಡೀ ಬರಹದ ಪ್ರಶ್ನೆ ಇದೇ. ತೆತ್ತವನು ಆಕಾಶದಿಂದ ಇಳಿದು ಬಂದವನಲ್ಲ, ಅದೇ ಮೊಹಲ್ಲಾದ ಇನ್ನೊಬ್ಬ ಮುಸ್ಲಿಮ್. ಏಕೆಂದರೆ ಅವನಿಗೆ ಬೇರೆಡೆ ಹೋಗುವ ದಾರಿಯೇ ಇಲ್ಲ. ಹೆಸರು ಕೇಳಿದೊಡನೆ 'ಮನೆ ಆಗಲೇ ಹೋಯಿತು' ಎಂಬ ಉತ್ತರ ಸಿಗುವ ಬೀದಿಗಳು ನಮ್ಮ ಪ್ರತಿ ಪಟ್ಟಣದಲ್ಲೂ ಇವೆ. 'ಮಾಂಸಾಹಾರಿಗಳಿಗೆ ಕೊಡುವುದಿಲ್ಲ' ಎಂಬುದು ಅದರ ಸಭ್ಯ ರೂಪ. ಮುಸ್ಲಿಮರಿಗೆ ತಮ್ಮ ವಾಸದ ಪ್ರದೇಶಗಳ ಹೊರಗೆ ಮನೆ ಸಿಗುವುದು, ಕೊಳ್ಳುವುದು ಕಷ್ಟವಾಗಿದೆ, ಅಭದ್ರತೆಯ ಭಾವನೆ ಅವರನ್ನು ಕೆಲವೇ ಕೇರಿಗಳಿಗೆ ಒತ್ತಿದೆ ಎಂಬುದನ್ನು 2006ರ ಸಾಚಾರ್ ಸಮಿತಿಯ ವರದಿಯೇ ದಾಖಲಿಸಿದೆ. ಗುಜರಾತಿನಲ್ಲಂತೂ 1991ರ 'ಪ್ರಕ್ಷುಬ್ಧ ಪ್ರದೇಶಗಳ' ಕಾನೂನಿನಡಿ ಅಂಥ ಪ್ರದೇಶಗಳಲ್ಲಿ ಆಸ್ತಿ ಮಾರಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಹಿಂಸೆಗೆ ಹೆದರಿ ಅಗ್ಗದಲ್ಲಿ ಮಾರಿ ಓಡುವವರನ್ನು ರಕ್ಷಿಸಲೆಂದು ಬಂದ ಕಾನೂನು, ಮಿಶ್ರ ಬಡಾವಣೆಯಲ್ಲಿ ಮನೆ ಕೊಳ್ಳಬಯಸುವ ಮುಸ್ಲಿಮನ ಮುಂದೆ ಬೇಲಿಯಾಗಿ ನಿಂತಿದೆ. ನಮ್ಮ ರಾಜ್ಯದಲ್ಲಿ ಅಂಥ ಕಾನೂನಿಲ್ಲ. ಆದರೆ ಕಾನೂನಿಲ್ಲದೆಯೇ ಬೇಲಿ ಹಾಕುವ ಕಲೆ ನಮ್ಮ ಸಮಾಜಕ್ಕೆ ಕರಗತ.

ಪರಿಣಾಮವೇನು? ಬೆರಳೆಣಿಕೆಯ ಬೀದಿಗಳು, ಅವುಗಳಲ್ಲೇ ಎಲ್ಲರೂ ನೆಲೆಸಬೇಕು. ಜನ ಹೆಚ್ಚು, ಜಾಗ ಕಡಿಮೆ. ರಸ್ತೆ ಕಿರಿದು, ಚರಂಡಿ ತೆರೆದದ್ದು, ನಲ್ಲಿಗೆ ನೀರು ದಿನ ಬಿಟ್ಟು ದಿನ; ಆದರೂ ನಿವೇಶನದ ಬೆಲೆ ಪಕ್ಕದ ಬಡಾವಣೆಗೆ ಸರಿಸಮ, ಕೆಲವೆಡೆ ಅದಕ್ಕಿಂತಲೂ ಹೆಚ್ಚು. ಈ ಇಕ್ಕಟ್ಟನ್ನು ಸೃಷ್ಟಿಸಿದ್ದು ನಾವಲ್ಲ, ಒಪ್ಪುತ್ತೇವೆ. ಅದರ ವಿರುದ್ಧ ನಾವು ಭಾಷಣ ಮಾಡುತ್ತೇವೆ, ಈ ಪತ್ರಿಕೆಯ ಪುಟಗಳಲ್ಲಿ ಬರೆಯುತ್ತೇವೆ. ಆದರೆ ಆ ಇಕ್ಕಟ್ಟಿನಿಂದ ಲಾಭ ಎತ್ತುತ್ತಿರುವವರಲ್ಲಿ ನಮ್ಮವರೂ ಇದ್ದಾರೆ! ತಾರತಮ್ಯ ಮಾಡುವವನು ಬಾಗಿಲು ಮುಚ್ಚುತ್ತಾನೆ. ನಮ್ಮ ಹೂಡಿಕೆದಾರ ಉಳಿದಿರುವ ಒಂದೇ ಬಾಗಿಲಲ್ಲಿ ಟಿಕೆಟ್ ಮಾರಲು ಕೂರುತ್ತಾನೆ. ಸಹೋದರನ ನಿರುಪಾಯತೆಯನ್ನೇ ಬಂಡವಾಳ ಮಾಡಿಕೊಂಡ ಮೇಲೆ ಅದೇ ಸಹೋದರನೊಂದಿಗೆ ಸೇರಿ 'ನಮಗೆ ಯಾರೂ ಮನೆ ಕೊಡುವುದಿಲ್ಲ' ಎಂದು ದೂರುವ ನೈತಿಕ ಹಕ್ಕು ಎಲ್ಲಿ ಉಳಿಯಿತು?

ಜನರಿಗೆ ಬೇಕಾದುದನ್ನು ಬೆಲೆ ಏರಲೆಂದು ಹಿಡಿದಿಡುವವನನ್ನು ಪ್ರವಾದಿ(ಸ) ಪಾಪಿಯೆಂದು ಕರೆದಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಈ ದಾಸ್ತಾನುಕೋರತನವು ಆಹಾರ ಧಾನ್ಯಕ್ಕೆ ಮಾತ್ರ ಸೀಮಿತವೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇತ್ತು. ಇಮಾಮ್ ಅಬೂ ಹನೀಫರ ಶಿಷ್ಯ ಇಮಾಮ್ ಅಬೂ ಯೂಸುಫ್, ಯಾವ ವಸ್ತುವನ್ನು ತಡೆಹಿಡಿದರೆ ಜನಸಾಮಾನ್ಯರಿಗೆ ಹಾನಿಯಾಗುತ್ತದೋ ಅದೆಲ್ಲವೂ ಇದರ ವ್ಯಾಪ್ತಿಗೆ ಬರುತ್ತದೆಂದರು. ಇಕ್ಕಟ್ಟಾದ ಮೊಹಲ್ಲಾದಲ್ಲಿ ಬೀಗ ಜಡಿದು ಬೆಲೆಗಾಗಿ ಕಾಯುವ ಮನೆಯನ್ನು ಈ ಮಾತಿನ ಹೊರಗಿಡಲು ನಮಗಂತೂ ಕಾರಣ ಕಾಣುವುದಿಲ್ಲ.

ಬೀಗದ ಮಾತು ಬಂದದ್ದರಿಂದ ಹೇಳಬೇಕಾಯಿತು. ಭಟ್ಕಳದಿಂದ ಉಳ್ಳಾಲದವರೆಗೆ ಯಾವ ಊರಿಗೆ ಹೋದರೂ ದೊಡ್ಡ ಗೇಟು, ಎತ್ತರದ ಕಾಂಪೌಂಡು, ಒಳಗೆ ಜನರಿಲ್ಲದ ಮನೆಗಳು ಕಣ್ಣಿಗೆ ಬೀಳುತ್ತವೆ. ವರ್ಷಕ್ಕೊಮ್ಮೆ, ಪೆರ್ನಾಲಿಗೋ ಮದುವೆಗೋ, ಅದರ ಬಾಗಿಲು ತೆರೆಯುತ್ತದೆ. ಅದರ ಎದುರಿನ ಓಣಿಯಲ್ಲೇ ಒಂದು ಕೋಣೆಯ ಮನೆಯಲ್ಲಿ ಆರು ಮಂದಿಯ ಸಂಸಾರ. ಇದು ನಮ್ಮೊಬ್ಬರದೇ ರೋಗವಲ್ಲ: 2011ರ ಜನಗಣತಿಯಲ್ಲಿ ದೇಶದ ನಗರ ಪ್ರದೇಶಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಇದ್ದವು. 2012ರಲ್ಲಿ ಕೇಂದ್ರ ಸರಕಾರದ ತಾಂತ್ರಿಕ ಗುಂಪು ನಗರಗಳ ವಸತಿ ಕೊರತೆಯನ್ನು 1.87 ಕೋಟಿಗೂ ಹೆಚ್ಚೆಂದು ಅಂದಾಜಿಸಿತು. ಆದರೆ ಇತರರಿಗೂ ರೋಗವಿದೆ ಎಂಬುದು ನಮ್ಮ ಜ್ವರಕ್ಕೆ ಮದ್ದಲ್ಲ.

ಇನ್ನು 'ಅನಿವಾರ್ಯತೆ'ಯ ವಿಷಯ. ಬಡ್ಡಿಸಾಲಕ್ಕೆ ಧಾರ್ಮಿಕ ಸಮರ್ಥನೆ ಬೇಕಾದಾಗ ನಮ್ಮ ವಿದ್ಯಾವಂತರು 1999ರಲ್ಲಿ ಯುರೋಪಿನ ಫತ್ವಾ ಮತ್ತು ಸಂಶೋಧನಾ ಮಂಡಳಿಯು ನೀಡಿದ ಅಭಿಪ್ರಾಯವನ್ನು ಉಲ್ಲೇಖಿಸುತ್ತಾರೆ. ಅದನ್ನು ಪೂರ್ತಿ ಓದಿದವರು ಎಷ್ಟು ಮಂದಿಯೋ. ಬಡ್ಡಿ ನಿಷಿದ್ಧವೆಂಬುದನ್ನು ಒತ್ತಿ ಹೇಳಿಯೇ ಆ ಮಂಡಳಿ ವಿನಾಯಿತಿಯ ಮಾತಾಡಿತು. ಕೊಳ್ಳುವವನಿಗೆ ಬೇರೆ ಮನೆ ಇರಬಾರದು, ಕೊಳ್ಳುವುದು ಅವನ ಮತ್ತು ಅವನ ಕುಟುಂಬದ ವಾಸಕ್ಕೇ ಆಗಿರಬೇಕು, ಬೇರೆ ಮಾರ್ಗದಲ್ಲಿ ಕೊಳ್ಳುವ ಹೆಚ್ಚುವರಿ ಸಂಪತ್ತು ಅವನಲ್ಲಿರಬಾರದು ಎಂಬ ಷರತ್ತುಗಳಿದ್ದವು. ಅಷ್ಟಕ್ಕೂ ಅನೇಕ ವಿದ್ವಾಂಸರು ಆ ವಿನಾಯಿತಿಯನ್ನೇ ಒಪ್ಪಲಿಲ್ಲ. ಒಪ್ಪುವುದೇ ಆದರೂ, ಎರಡು ವರ್ಷದಲ್ಲಿ ಮಾರುವ ಉದ್ದೇಶದಿಂದ ಕೊಂಡ ಮನೆ ಯಾವ ಷರತ್ತಿನೊಳಗೆ ಬರುತ್ತದೆ? ಹಸಿವಿನಿಂದ ಸಾಯುವವನಿಗೆ ಕೊಟ್ಟ ವಿನಾಯಿತಿಯನ್ನು ಕೈಯಲ್ಲಿ ಹಿಡಿದು ಔತಣದ ಪಂಕ್ತಿಯಲ್ಲಿ ಕೂರಲು ಸಾಧ್ಯವೇ?

ಮಾರಲೆಂದೇ ಕೊಂಡಿದ್ದೇನೆ ಎನ್ನುವವರಿಗೆ ಝಕಾತ್‌ನ ಪ್ರಶ್ನೆಯಿದೆ. ವಾಸದ ಮನೆಗೆ ಝಕಾತ್ ಇಲ್ಲ. ಬಾಡಿಗೆಗೆ ಕೊಟ್ಟ ಮನೆಯಾದರೆ ಮನೆಯ ಬೆಲೆಯ ಮೇಲಲ್ಲ, ಬಾಡಿಗೆಯಲ್ಲಿ ಉಳಿದ ಹಣದ ಮೇಲೆ. ಆದರೆ ಮರುಮಾರಾಟದ ಉದ್ದೇಶದಿಂದಲೇ ಖರೀದಿಸಿದ ಮನೆ, ನಿವೇಶನಗಳು ವ್ಯಾಪಾರದ ಸರಕು. ನಮ್ಮಲ್ಲಿ ಅನುಸರಿಸಲ್ಪಡುವ ಶಾಫಿಈ ಮತ್ತು ಹನಫೀ ಮದ್‌ಹಬ್‌ಗಳ ಪ್ರಕಾರ ಪ್ರತಿ ವರ್ಷ ಆಗಿನ ಮಾರುಕಟ್ಟೆ ಬೆಲೆಯ ಮೇಲೆ ಶೇ. 2.5 ಝಕಾತ್ ಕೊಡಬೇಕು. (ಮಾರುವ ತನಕ ಕಾದು ಒಂದು ವರ್ಷದ್ದನ್ನು ಕೊಟ್ಟರೆ ಸಾಕೆಂಬ ಅಭಿಪ್ರಾಯ ಮಾಲಿಕಿಗಳಲ್ಲಿದೆ, ನಮ್ಮ ಹೂಡಿಕೆದಾರರು ಝಕಾತ್‌ಗೆ ಮಾತ್ರ ಮಾಲಿಕಿಗಳಾಗುವುದು ಬೇಡ.) ನಲವತ್ತು ಲಕ್ಷಕ್ಕೆ ವರ್ಷಕ್ಕೆ ಒಂದು ಲಕ್ಷ. ಈ ಒಂದು ಲಕ್ಷವನ್ನು ಲೆಕ್ಕ ಹಾಕಿ ಕೊಟ್ಟವರನ್ನು ನಾವು ಹುಡುಕುತ್ತಿದ್ದೇವೆ. ಇದ್ದರೆ ಅಲ್ಲಾಹನು ಅವರಿಗೆ ಬರ್ಕತ್ ನೀಡಲಿ.

ನವೀಕರಣದ ಕಥೆ ಬೇರೆಯೇ ಇದೆ. ವಾಸಿಸಲು ಕೊಂಡವನ ರಿಪೇರಿಗೂ ಮಾರಲು ಕೊಂಡವನ ರಿಪೇರಿಗೂ ಅಜಗಜಾಂತರ. ವಾಸಿಸುವವನು ಮೊದಲು ಸೋರುವ ಮಾಡನ್ನು ನೋಡುತ್ತಾನೆ. ಮೂವತ್ತು ವರ್ಷ ಹಳೆಯ ವಯರಿಂಗ್ ತೆಗೆಸಿ ಅರ್ತಿಂಗ್ ಹಾಕಿಸುತ್ತಾನೆ. ಕಕ್ಕಸು ಗುಂಡಿ ಬಾವಿಗೆ ಎಷ್ಟು ಹತ್ತಿರವಿದೆಯೆಂದು ಅಳೆಯುತ್ತಾನೆ. ಮಂಡಿ ನೋವಿನ ಉಮ್ಮನಿಗಾಗಿ ಬಚ್ಚಲಲ್ಲಿ ಹಿಡಿಕೆ ಹಾಕಿಸುತ್ತಾನೆ, ದಿನವಿಡೀ ಅಡುಗೆಮನೆಯಲ್ಲಿರುವ ಪತ್ನಿಗಾಗಿ ಅಲ್ಲೊಂದು ಕಿಟಕಿ ಒಡೆಸುತ್ತಾನೆ. ಮಾರುವವನು ಇದಾವುದಕ್ಕೂ ಕೈಹಾಕುವುದಿಲ್ಲ, ಏಕೆಂದರೆ ಇವು ನೋಡಲು ಬಂದವರ ಕಣ್ಣಿಗೆ ಬೀಳುವುದಿಲ್ಲ. ಮುಂಗೋಡೆಗೆ ಕಲ್ಲಿನ ಹೊದಿಕೆ, ಜಗಲಿಗೆ ಗಾಜಿನ ಕೈಪಿಡಿ, ಹಾಲ್‌ಗೆ ಜಿಪ್ಸಮ್ ಸೀಲಿಂಗ್, ಅದರೊಳಗೆ ಬಣ್ಣ ಬದಲಿಸುವ ದೀಪಗಳು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಮಳೆಗೂ ಸೆಕೆಗೂ ಒಗ್ಗಿಕೊಂಡು ಬಂದ ಹೆಂಚಿನ ಮಾಡನ್ನು ಕಿತ್ತೆಸೆದು, ಅಡಿಪಾಯದ ಶಕ್ತಿ ನೋಡದೆ ಮುರಕಲ್ಲಿನ ಗೋಡೆಗಳ ಮೇಲೆ ಕಾಂಕ್ರೀಟ್ ಹೇರುವವರೂ ಇದ್ದಾರೆ, 'ತಾರಸಿ ಮನೆ'ಗೆ ಬೆಲೆ ಹೆಚ್ಚು ಎಂಬ ಒಂದೇ ಕಾರಣಕ್ಕೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮಳೆಗಾಲದಲ್ಲಿ ತೇವ ಏರುವ ಗೋಡೆಗೆ ಪುಟ್ಟಿ ಹಚ್ಚಿ, ಮೇಲೆ ಟೈಲ್ಸ್ ಅಂಟಿಸಿ, ಮಾರ್ಚ್ ತಿಂಗಳಲ್ಲಿ ಗಿರಾಕಿಗೆ ತೋರಿಸುವುದು! ಜೂನ್ ಬಂದಾಗ ಮಾರಿದವನು ತನ್ನ ಹಣದೊಂದಿಗೆ ಬೇರೆ ಪ್ರಾಪರ್ಟಿಯ ಹುಡುಕಾಟದಲ್ಲಿರುತ್ತಾನೆ, ಕೊಂಡವನ ಮಗು ಕೆಮ್ಮುತ್ತಿರುತ್ತದೆ. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ) ಕೈ ತೂರಿಸಿದಾಗ ಬೆರಳಿಗೆ ತಗುಲಿದ್ದೂ ತೇವವೇ. ಒದ್ದೆಯಾದುದನ್ನು ಜನರು ನೋಡುವಂತೆ ಮೇಲಕ್ಕೆ ಏಕೆ ಇಡಲಿಲ್ಲವೆಂದು ಆ ವ್ಯಾಪಾರಿಯನ್ನು ಪ್ರಶ್ನಿಸಿ, ವಂಚಿಸುವವನು ತಮ್ಮವನಲ್ಲವೆಂದು ಅವರು ಘೋಷಿಸಿದ್ದನ್ನು ನಾವು ಮದ್ರಸದ ಮಕ್ಕಳಿಗೆ ಕಲಿಸುತ್ತೇವೆ. ಮನೆ ಮಾರುವಾಗ ಯಾವ ಗೋಡೆಯಲ್ಲಿ ತೇವವಿದೆ, ಎಲ್ಲಿ ಬಿರುಕಿದೆ ಎಂದು ತಾನೇ ತೋರಿಸಿಕೊಟ್ಟ ಮುಸ್ಲಿಮ್ ಮಾಲಕನನ್ನು ಆ ಮಕ್ಕಳಿಗೆ ತೋರಿಸಿಕೊಡಲು ನಮ್ಮಿಂದಾದೀತೇ? ಅನ್ಸಾರ್‌ಗಳಲ್ಲೊಬ್ಬರು ಮನೆಯ ಮೇಲೆ ಗುಮ್ಮಟ ಕಟ್ಟಿಸಿದ್ದರು. ಅದನ್ನು ಕಂಡ ಪ್ರವಾದಿ(ಸ) ಅವರತ್ತ ಮುಖ ತಿರುಗಿಸಿದರು. ಕಾರಣ ತಿಳಿದ ಆ ಸಹಾಬಿ ಗುಮ್ಮಟವನ್ನು ನೆಲಸಮ ಮಾಡಿದ ಘಟನೆ ಅಬೂದಾವೂದ್‌ನಲ್ಲಿದೆ. ನಾವಾದರೆ ಗುಮ್ಮಟದ ಖರ್ಚನ್ನೂ ಮನೆಯ ಬೆಲೆಗೆ ಸೇರಿಸುತ್ತೇವೆ.

ಭೋಗ್ಯದ ವಿಷಯವನ್ನು ಹೇಳದಿದ್ದರೆ ಮೈಸೂರು, ಬೆಂಗಳೂರು ಕಡೆಯ ಓದುಗರು ನಮ್ಮನ್ನು ಕ್ಷಮಿಸಲಾರರು. ಮನೆ ಕೊಳ್ಳಲು ಹಣ ಸಾಲದಾದಾಗ ಅದನ್ನೇ 'ಲೀಸ್'ಗೆ ಕೊಟ್ಟು ಎಂಟೋ ಹತ್ತೋ ಲಕ್ಷ ಪಡೆಯುವುದು, ಬಾಡಿಗೆಯಿಲ್ಲದೆ ಮೂರು ವರ್ಷ ಇರಗೊಡುವುದು, ಕೊನೆಗೆ ಪೂರ್ತಿ ಹಣ ಹಿಂದಿರುಗಿಸುವುದು, ಇದು ಅಲ್ಲಿನ ನಮ್ಮ ಮೊಹಲ್ಲಾಗಳಲ್ಲಿ ಮಾಮೂಲು. ಕೊಟ್ಟ ಹಣ ಸಾಲ, ಆ ಸಾಲದ ಮೇಲೆ ಸಿಗುವ ಪ್ರಯೋಜನ ವಾಸ; ಸಾಲದಿಂದ ಪಡೆಯುವ ಪ್ರಯೋಜನವು ಬಡ್ಡಿಯ ಸ್ವರೂಪದ್ದೆಂದು ಉಲೆಮಾಗಳು ಎಚ್ಚರಿಸುತ್ತಲೇ ಬಂದಿದ್ದಾರೆ. ಅದಿರಲಿ, ಲೌಕಿಕವಾಗಿಯೂ ಇದರ ಅಪಾಯವನ್ನು ನೋಡಿ. ಅದೇ ಮನೆಯ ಮೇಲೆ ಮಾಲಕ ಬ್ಯಾಂಕಿನಿಂದಲೂ ಸಾಲ ಎತ್ತಿರುತ್ತಾನೆ. ಕಂತು ನಿಂತರೆ 2002ರ ಸರ್ಫೇಸಿ ಕಾನೂನಿನಂತೆ ಬ್ಯಾಂಕು ಮನೆಯನ್ನು ಸ್ವಾಧೀನಪಡಿಸಿ ಹರಾಜು ಹಾಕಬಹುದು. ಭೋಗ್ಯಕ್ಕೆ ಹಣ ಕೊಟ್ಟವನ ಕೈಯಲ್ಲಿ ಉಳಿಯುವುದು ನೋಂದಣಿಯಾಗದ ಒಂದು ಸ್ಟಾಂಪ್ ಪೇಪರ್. ಹೀಗೆ ಬೀದಿಗೆ ಬೀಳುವವನು ಸಾಮಾನ್ಯವಾಗಿ ಯಾರು? ತರಕಾರಿ ಗಾಡಿಯವನು, ಗ್ಯಾರೇಜಿನವನು, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಬಾಡಿಗೆ ಉಳಿಸಲು ಕೊಟ್ಟವನು. ಮೇಲಿನವನ ಹೂಡಿಕೆಯ ಅಡಿಪಾಯದಲ್ಲಿ ಇವನ ಹಣವಿತ್ತು.

ಆಗಲೇ ಪತ್ನಿಯ ಚಿನ್ನದ ಬಗ್ಗೆ ಹೇಳಿದೆವು. ಮಹ್ರ್ ಹೆಣ್ಣಿನ ಸ್ವಂತ ಸೊತ್ತು, ಅದರ ಮೇಲೆ ಗಂಡನಿಗೆ ಹಕ್ಕಿಲ್ಲವೆಂದು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಮೊದಲ ಮನೆಯ ಮುಂಗಡಕ್ಕಾಗಿ ಕರಗುವುದು ಮಾತ್ರ ಅದೇ ಚಿನ್ನ. ಕ್ರಯಪತ್ರದಲ್ಲಿ ಅವಳ ಹೆಸರಿರುವುದಿಲ್ಲ, ಅವಳಿಗೆ ಇಷ್ಟು ಕೊಡಬೇಕೆಂಬ ಚೀಟಿಯೂ ಇರುವುದಿಲ್ಲ. ಸಾಲವನ್ನು ಬರೆದಿಡಬೇಕೆಂದು ಅಲ್ ಬಕರದ 282ನೇ ಸೂಕ್ತವು ಅಷ್ಟು ವಿವರವಾಗಿ ಆದೇಶಿಸಿರುವಾಗ, ಸ್ವಂತ ಹೆಂಡತಿಯೊಂದಿಗೆ ಲೆಕ್ಕವೇಕೆ ಎಂದು ನಗುವವರು ಯಾರ ಸಂಪ್ರದಾಯವನ್ನು ಪಾಲಿಸುತ್ತಿದ್ದಾರೆ? ಆ ಮನೆ ಮಾರಾಟವಾಗಿ ಲಾಭ ಬಂದಾಗಲೂ ಲಾಭದಲ್ಲಿ ಅವಳಿಗೆ ಪಾಲಿಲ್ಲ. ನಷ್ಟವಾದಾಗ ಚಿನ್ನವಂತೂ ಹೋಯಿತು.

ಹಾಗಾದರೆ ಬಡ್ಡಿಯಿಲ್ಲದೆ ಮನೆ ಕೊಳ್ಳುವುದು ಹೇಗೆ ಎಂದು ಕೇಳುವವರ ಸಂಕಟ ನಮಗೆ ತಿಳಿಯದ್ದಲ್ಲ. 2008ರಲ್ಲಿ ರಘುರಾಮ್ ರಾಜನ್ ನೇತೃತ್ವದ ಸಮಿತಿಯು ಬಡ್ಡಿರಹಿತ ಹಣಕಾಸು ವ್ಯವಸ್ಥೆಗೆ ಅವಕಾಶವಿರಬೇಕೆಂದು ಶಿಫಾರಸು ಮಾಡಿತ್ತು; 2017ರಲ್ಲಿ ರಿಸರ್ವ್ ಬ್ಯಾಂಕ್ ಇಸ್ಲಾಮಿ ಬ್ಯಾಂಕಿಂಗ್‌ನ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿತು. ಸರಕಾರದ ಬಾಗಿಲು ಮುಚ್ಚಿದೆ. ಆದರೆ ಧರ್ಮಸಮ್ಮತವಾದ ಎಲ್ಲ ದಾರಿಗಳೂ ಬ್ಯಾಂಕಿನ ಮೂಲಕವೇ ಹಾದುಹೋಗಬೇಕಾಗಿಲ್ಲ. ಮನೆ ಮಾರುವ ಮುಸ್ಲಿಮನೊಬ್ಬ ನಗದು ಬೆಲೆಗಿಂತ ಸ್ವಲ್ಪ ಹೆಚ್ಚಿನ, ಆದರೆ ಒಮ್ಮೆ ನಿಗದಿಯಾದ ಬಳಿಕ ಬದಲಾಗದ ಬೆಲೆಗೆ ಐದು ವರ್ಷದ ಕಂತುಗಳಲ್ಲಿ ಮಾರಬಹುದು. ಬಹುಸಂಖ್ಯಾತ ವಿದ್ವಾಂಸರು ಇದನ್ನು ಒಪ್ಪುತ್ತಾರೆ. ಇಬ್ಬರು ಸಹೋದರರು ಪಾಲುದಾರಿಕೆಯಲ್ಲಿ ಕೊಂಡು, ವಾಸಿಸುವವನು ಇನ್ನೊಬ್ಬನ ಪಾಲಿಗೆ ಬಾಡಿಗೆ ಕೊಡುತ್ತಾ ಆ ಪಾಲನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳಬಹುದು. ಕೊಲ್ಲಿಯಲ್ಲಿ ದುಡಿಯುವ ಒಬ್ಬನ ಹಣವೂ ಊರಿನಲ್ಲಿರುವ ಒಬ್ಬನ ಅಗತ್ಯವೂ ಹೀಗೆ ಒಂದೇ ಸೂರಿನಡಿ ಸೇರಲು ಯಾವ ಕಾನೂನಿನ ಅಡ್ಡಿಯಿದೆ? ಅಡ್ಡಿಯಿರುವುದು ಪರಸ್ಪರ ನಂಬಿಕೆಯಲ್ಲಿ. ಬರೆದು, ಸಹಿ ಹಾಕಿ, ನೋಂದಾಯಿಸಿದರೆ ಅದೂ ಬಗೆಹರಿದೀತು.

ಮಾರುವವರಿಗೆ ಇನ್ನೊಂದು ಮಾತು. ಆಸ್ತಿ ಮಾರುವಾಗ ಪಾಲುದಾರನಿಗೆ, ಹನಫೀ ಮದ್‌ಹಬ್‌ನಲ್ಲಿ ನೆರೆಯವನಿಗೂ, ಮೊದಲ ಹಕ್ಕು ಕೊಡುವ 'ಶುಫ್‌ಅ' ನಮ್ಮ ಶರೀಅತ್‌ನಲ್ಲಿದೆ. ಕೇವಲ ನೆರೆಯವನೆಂಬ ಕಾರಣಕ್ಕೆ ಆ ಹಕ್ಕು ನ್ಯಾಯಾಲಯದಲ್ಲಿ ಸಲ್ಲದೆಂದು 1962ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿದೆ. ನ್ಯಾಯಾಲಯದಲ್ಲಿ ಸಲ್ಲದಿದ್ದರೇನು, ಒಂದು ಮಾತು ಕೇಳಲು ಯಾರ ಅಪ್ಪಣೆ ಬೇಕು? ಎರಡು ಕೋಣೆಯಲ್ಲಿ ಮೂವರು ಗಂಡುಮಕ್ಕಳ ಸಂಸಾರ ನಡೆಸುತ್ತಿರುವ ಪಕ್ಕದ ಮನೆಯವನಿಗೆ ತಿಳಿಸದೆ ಹೊರಗಿನ ಹೂಡಿಕೆದಾರನಿಗೆ ಕೊಟ್ಟದ್ದರಲ್ಲಿ ಸಿಕ್ಕ ಎರಡು ಲಕ್ಷ ಹೆಚ್ಚಿನ ಹಣ ಎಷ್ಟು ದಿನಕ್ಕೆ ಸಾಕಾಯಿತು?

ಜಮಾಅತ್ ಕಮಿಟಿಗಳು ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಹಣವೂ ಬೇಕಾಗಿಲ್ಲ. ಮೊಹಲ್ಲಾದ ಮನೆಗಳ ಒಂದು ಪಟ್ಟಿ ಮಾಡಿ. ವರ್ಷದಲ್ಲಿ ಹತ್ತು ತಿಂಗಳು ಬೀಗ ಹಾಕಿರುವ ಮನೆಗಳು ಯಾವುವು, ಅವುಗಳ ಮಾಲಕರು ಯಾರು. ಬಾಡಿಗೆ ಮನೆ ಹುಡುಕುತ್ತಿರುವವರು ಎಷ್ಟು ಮಂದಿ, ಅವರಲ್ಲಿ ವಿಧವೆಯರೆಷ್ಟು. ನ್ಯಾಯವಾದ ಬಾಡಿಗೆ ನಿಗದಿಪಡಿಸಿ, ಮನೆ ಬಿಟ್ಟುಕೊಡಿಸುವ ಜವಾಬ್ದಾರಿಯನ್ನು ಕಮಿಟಿಯೇ ವಹಿಸಿಕೊಂಡು, ಕರಾರು ಪತ್ರಕ್ಕೆ ಸಾಕ್ಷಿ ಹಾಕಲಿ. 'ಒಮ್ಮೆ ಬಾಡಿಗೆಗೆ ಕೊಟ್ಟರೆ ಖಾಲಿ ಮಾಡುವುದಿಲ್ಲ' ಎಂಬ ಮಾಲಕರ ಭಯ ನಿಜವಾದದ್ದೇ. ಆ ಭಯಕ್ಕೆ ಉತ್ತರ ಕೊಡಬೇಕಾದದ್ದೂ ಕಮಿಟಿಯೇ. ಇದನ್ನು ಪ್ರಸ್ತಾಪಿಸಿದಾಗ ಪದಾಧಿಕಾರಿಗಳು ಕೆಮ್ಮುತ್ತಾರೆಂಬುದು ನಮಗೆ ಗೊತ್ತು. ಬೀಗ ಹಾಕಿದ ಮನೆಗಳಲ್ಲಿ ಕೆಲವು ಅವರವೇ. ಪಟ್ಟಿಯನ್ನು ಅಲ್ಲಿಂದಲೇ ಆರಂಭಿಸಬಹುದು.